ಎಂಬತ್ತೊಂಬತ್ತರ ತಂಡಕ್ಕೆ ಇಂದಿಗೂ ಗಂಟೆ ಹೊಡೆಯುವ ಕೆರಿಯಪ್ಪ

ಬೆಳಗಿನ ಐದೂವರೆ. ಸಾಗರದ ಹಳೆಯ ಅಕ್ಕಿ ಗಿರಣಿಯ ಹಿಂದಿನ ಶೆಡ್ಡಿನ ಬಾಗಿಲನ್ನು ಕೆರಿಯಪ್ಪ ಭುಜ ಕೊಟ್ಟು ತಳ್ಳುತ್ತಾರೆ. ಒಳಗೆ ಬಂದವರು ಮೊದಲು ಲೈಟು ಹಾಕುವುದಿಲ್ಲ. ಕತ್ತಲಲ್ಲೇ ಎಂಟು ಹೆಜ್ಜೆ ನಡೆದು ಸಿಗಂದೂರಮ್ಮನ ಪಟದ ಮುಂದೆ ಊದುಬತ್ತಿ ಹಚ್ಚಿ ಕೈಮುಗಿಯುತ್ತಾರೆ. ಆಮೇಲೆ ಲೈಟು. ಹಗ್ಗ ಬಿಗಿದ ಬಾಕ್ಸಿಂಗ್ ರಿಂಗ್, ತೊಲೆಯಿಂದ ಇಳಿಬಿಟ್ಟ ನಾಲ್ಕು ಗುದ್ದುವ ಚೀಲ, ಗೋಡೆಯ ಮೊಳೆಗಳಲ್ಲಿ ತೂಗುವ ಹದಿನಾಲ್ಕು ಜೊತೆ ಗ್ಲೌಸು ಆಗ ಕಾಣಿಸುತ್ತವೆ. ಒಂದೊಂದರೊಳಗೂ ಬೆರಳು ಹಾಕಿ ತೇವ ನೋಡುತ್ತಾರೆ. ಹೊಲಿಗೆ ಬಿಟ್ಟಿದ್ದನ್ನು ಬಗಲಿಗೆ ಸಿಕ್ಕಿಸಿಕೊಳ್ಳುತ್ತಾರೆ.

"ಮಳೆಗಾಲದಾಗೆ ಇವು ಒಣಗಾದೇ ಇಲ್ಲ. ರಾತ್ರಿ ಮನೆಗೆ ತಗಂಡೋಗಿ ಒಲೆ ಮೇಲಿನ ಅಟ್ಟದಾಗೆ ಇಡ್ತೀನಿ. ಮನೇಲಿ ಬೈತಾರೆ, ಮೀನು ಒಣಗಿಸೋ ಜಾಗದಾಗೆ ಇದೆಂತ ಅಂತ" ಎನ್ನುತ್ತಾರೆ ಅವರು, ನಗದೆ.

ಕೆರಿಯಪ್ಪನವರಿಗೆ ಈಗ ಅರವತ್ತೆರಡು. ಹೊಟ್ಟೆಪಾಡು ಕುಷನ್ ಕೆಲಸ. ಬಸ್ಸು, ಆಟೋ, ಬೈಕುಗಳ ಸೀಟು ಹೊಲಿಯುತ್ತಾರೆ. ಅದೇ ಬಾಗಿದ ಸೂಜಿ, ಅದೇ ಮೇಣದ ದಾರ ಬೆಳಿಗ್ಗೆ ಈ ಶೆಡ್ಡಿಗೆ ಬರುತ್ತವೆ. ಎಡಗಣ್ಣಿನ ದೃಷ್ಟಿ ಚಿಕ್ಕಂದಿನಿಂದಲೂ ಮಂದ. ಹಾಗಾಗಿ ಅವರು ಒಂದು ದಿನವೂ ರಿಂಗಿನಲ್ಲಿ ಆಡಿದವರಲ್ಲ. ಎಂಬತ್ತಮೂರನೇ ಇಸವಿಯಿಂದ ಗ್ಲೌಸು ಹೊಲಿಯುವುದು, ಗಡಿಯಾರ ನೋಡುವುದು, ಗಂಟೆ ಹೊಡೆಯುವುದು, ತೂಕ ಹಾಕುವುದು ಅವರ ಪಾಲಿಗೆ ಬಂದಿದೆ. ಈಗ ಕಲಿಯಲು ಬರುವವರು ಹದಿನೆಂಟು ಮಂದಿ. ಅದರಲ್ಲಿ ಏಳು ಹುಡುಗಿಯರು. ಒಂದು ಬೆಳಗಿಗೆ ಅರವತ್ತು ಸಲವಾದರೂ ಗಂಟೆ ಹೊಡೆಯಬೇಕು. ಪಂದ್ಯ ಗೆದ್ದಾಗ ತೆಗೆಯುವ ಫೋಟೋಗಳಲ್ಲಿ ಅವರಿಲ್ಲ. ಅಷ್ಟು ಹೊತ್ತಿಗೆ ಅವರು ಗ್ಲೌಸು ಎಣಿಸುತ್ತಿರುತ್ತಾರೆ.

ಅವರ ಹತ್ತಿರ ಇಪ್ಪತ್ತಮೂರು ನೋಟುಪುಸ್ತಕಗಳಿವೆ. ಸಾಗರ, ಹೊಸನಗರ, ತೀರ್ಥಹಳ್ಳಿಯ ಹುಡುಗರು ಆಡಿದ ಒಂದೊಂದು ಪಂದ್ಯವೂ ಅದರಲ್ಲಿದೆ. ಯಾರ ತೂಕ ಎಷ್ಟು, ತೋಳಿನ ಉದ್ದ ಎಷ್ಟು, ಎಡಗೈ ಮುಂದೋ ಬಲಗೈ ಮುಂದೋ, ಯಾವ ರೌಂಡಿನಲ್ಲಿ ದಮ್ಮು ಕಟ್ಟಿತು, ಪೆಟ್ಟು ಬಿದ್ದಾಗ ಯಾವ ಕಡೆ ತಲೆ ತಿರುಗಿಸುತ್ತಾನೆ, ಎಲ್ಲವನ್ನೂ ಬರೆದಿದ್ದಾರೆ. ಈ ಪುಸ್ತಕಗಳಿಂದಲೇ ಹುಟ್ಟಿದ್ದು ಇಲ್ಲಿಯವರು 'ಪುಸ್ತಕದ ಪಂದ್ಯ' ಎನ್ನುವ ಆಟ.

ತಿಂಗಳ ಎರಡನೆಯ ಭಾನುವಾರ, ಅಭ್ಯಾಸ ಮುಗಿದ ಮೇಲೆ, ಒಂದು ಹಳೆಯ ವರ್ಷದ ತಂಡಕ್ಕೂ ಇಂದಿನ ತಂಡಕ್ಕೂ ಪಂದ್ಯ. ಏಳು ತೂಕ, ಏಳು ಜೋಡಿ. ಇಂದಿನವನು ನಿಜವಾಗಿ ರಿಂಗಿಗೆ ಇಳಿದು ಗಾಳಿಯಲ್ಲಿ ಆಡಬೇಕು. ಎದುರಿನ ಮೂಲೆ ಖಾಲಿ. ಅಲ್ಲಿರುವವನನ್ನು ಕೆರಿಯಪ್ಪ ಪುಸ್ತಕ ನೋಡಿ ಆಡಿಸುತ್ತಾರೆ: "ಎಡಗೈ ಬಂತು. ಹಿಂದೆ ಸರಿದ. ಈಗ ಹೊಟ್ಟೆಗೆ." ಮೂರು ನಿಮಿಷಕ್ಕೆ ಸರಿಯಾಗಿ ಗಂಟೆ. ಹಗ್ಗದ ಹೊರಗೆ ಕುಳಿತ ಐವರು ತೀರ್ಪು ಬರೆದುಕೊಡುತ್ತಾರೆ. ನಿಯಮ ಹಳೆಯ ತಂಡದ ಕಾಲದ್ದು. ತೂಕಕ್ಕೆ ಸರಿಬಾರದವನಿಗೆ ಪಂದ್ಯವಿಲ್ಲ, ಅವನು ಬದುಕಿರಲಿ, ಹೋಗಿರಲಿ.

"ಈಗಿನೋರು ಉದ್ದ ಇದಾರೆ, ಕಾಲು ಚುರುಕು. ಆಗಿನೋರಿಗೆ ಪೆಟ್ಟು ತಿನ್ನೋ ತಾಕತ್ತು. ಯಾರು ಮೇಲು ಅಂತ ಬಾಯಲ್ಲಿ ಹೇಳಿದ್ರೆ ಜಗಳ. ಆಡ್ಸಿ ನೋಡಿದ್ರೆ ಗೊತ್ತಾಗ್ತದೆ" ಎಂಬುದು ಅವರ ನಂಬಿಕೆ.

ಎಲ್ಲ ವರ್ಷಗಳ ತಂಡಗಳಲ್ಲಿ ಎಂಬತ್ತೊಂಬತ್ತರದು ಬಲವಾದದ್ದು. ಆದರೆ ಆ ತಂಡ ಬಂದಾಗಲೆಲ್ಲ ಐವತ್ತೇಳು ಕೆ.ಜಿ.ಯಲ್ಲಿ ಕೆರಿಯಪ್ಪ ವಾಕ್‌ಓವರ್ ಕೊಡುತ್ತಾರೆ. ಇಂದಿನ ಹುಡುಗ ರಿಂಗಿಗೆ ಬರುತ್ತಾನೆ, ಗಂಟೆ ಹೊಡೆಯುತ್ತದೆ, ಎದುರಾಳಿ ಬರುವುದಿಲ್ಲ, ಹುಡುಗನ ಕೈ ಎತ್ತುತ್ತಾರೆ. ಬಾರದ ಆ ಎದುರಾಳಿಯ ಹೆಸರು ನಾಗೇಂದ್ರ, ಕೆರಿಯಪ್ಪನವರ ಒಬ್ಬನೇ ತಮ್ಮ.

ಆ ವರ್ಷ ಮೂರು ತಾಲ್ಲೂಕುಗಳ ಕಪ್ಪಿಗೆ ತೀರ್ಥಹಳ್ಳಿಯಲ್ಲಿ ಫೈನಲ್. ಹೊರಡುವ ಹಿಂದಿನ ಸಂಜೆ ಕೆರಿಯಪ್ಪ ಎಲ್ಲರನ್ನೂ ಗಿರಣಿಯ ತಕ್ಕಡಿಯ ಮೇಲೆ ನಿಲ್ಲಿಸಿ ತೂಕ ಬರೆದುಕೊಂಡರು. ನಾಗೇಂದ್ರ ಐವತ್ತಾರು ಕೆ.ಜಿ. ಎಂಟುನೂರು ಗ್ರಾಂ. ಮರುದಿನ ತೀರ್ಥಹಳ್ಳಿಯ ತಕ್ಕಡಿ ಐವತ್ತೇಳು ಎಂಟುನೂರು ತೋರಿಸಿತು. ಇಳಿಸಿಕೊಳ್ಳಲು ಒಂದು ಗಂಟೆ ಸಮಯ ಕೊಟ್ಟರು. ಎರಡು ಸ್ವೆಟರ್ ತೊಟ್ಟು, ಮೇಲೆ ರೇನ್‌ಕೋಟು ಹಾಕಿ ನಾಗೇಂದ್ರ ತುಂಗೆಯ ಮರಳಿನಲ್ಲಿ ಓಡಿದ. ಐನೂರು ಗ್ರಾಂ ಇಳಿಯಿತು. ಮುನ್ನೂರು ಉಳಿಯಿತು. ಆ ಮಧ್ಯಾಹ್ನ ತೀರ್ಥಹಳ್ಳಿಯ ಹುಡುಗ ಖಾಲಿ ರಿಂಗಿನಲ್ಲಿ ನಿಂತು ಕೈ ಎತ್ತಿಸಿಕೊಂಡ. ಸಾಗರ ನಾಲ್ಕು-ಮೂರರಲ್ಲಿ ಸೋತಿತು.

ಹಿಂದಿರುಗುವ ಬಸ್ಸಿನಲ್ಲಿ ನಾಗೇಂದ್ರ ಅಣ್ಣನ ಹೆಗಲಿಗೆ ಒರಗಿ ಹೇಳಿದ, "ಬೆಳಿಗ್ಗೆ ಹೊಸನಗರ ಸ್ಟ್ಯಾಂಡಲ್ಲಿ ಯಾರಿಗೂ ಕಾಣದಂಗೆ ಎರಡು ಬನ್ಸ್ ತಿಂದೆ ಕಣಣ್ಣ. ನಂದೇ ತಪ್ಪು."

ಎರಡು ಬನ್ಸು ಒಂದು ಕೆ.ಜಿ. ತೂಗುವುದಿಲ್ಲ. ಕೆರಿಯಪ್ಪನವರಿಗೆ ನಿದ್ದೆ ಹತ್ತಲಿಲ್ಲ. ಮೂರು ದಿನ ಬಿಟ್ಟು ಗಿರಣಿಯಲ್ಲಿ ಲೆಕ್ಕ ಬರೆಯುವ ರೈಟರನ್ನು ಕೇಳಿದರು. ಅವನು ನಕ್ಕ. "ಅದು ಗೋಣಿಚೀಲದ ತೂಕ ಕಳೆದು ತೋರಿಸ್ತದೆ ಮಾರಾಯ. ಮುಳ್ಳನ್ನ ಒಂದು ಕೆ.ಜಿ. ಹಿಂದೆ ಇಟ್ಟಿರ್ತೀವಿ. ಮನುಷ್ಯರನ್ನ ತೂಗಾಕೆ ಯಾರು ಹೇಳಿದ್ರು ನಿಂಗೆ?"

ಉಳಿದವರೆಲ್ಲ ಮಿತಿಗಿಂತ ಬಹಳ ಕೆಳಗಿದ್ದರು; ಚೀಲದ ಒಂದು ಕೆ.ಜಿ. ಅವರನ್ನು ಮುಟ್ಟಲಿಲ್ಲ. ಅಂಚಿನಲ್ಲಿದ್ದವನು ತಮ್ಮನೊಬ್ಬನೇ. ಅವನು ಮತ್ತೆ ಗ್ಲೌಸು ಹಾಕಲಿಲ್ಲ. ಲಾರಿ ಓಡಿಸಿದ, ಮದುವೆಯಾದ, ಬನ್ಸು ಬಿಟ್ಟ. ನೆಂಟರ ಮನೆಯ ಊಟದ ಪಂಕ್ತಿಯಲ್ಲಿ "ಎರಡು ಬನ್ಸಿಗೆ ಒಂದು ಕಪ್ ಕೊಟ್ಟ ಗಿರಾಕಿ ನಾನು" ಎಂದು ತಾನೇ ಹೇಳಿ ಎಲ್ಲರನ್ನೂ ನಗಿಸುತ್ತಿದ್ದ. ಪಕ್ಕದ ಎಲೆಯ ಮುಂದೆ ಕುಳಿತ ಅಣ್ಣ ತಲೆ ತಗ್ಗಿಸಿ ಅನ್ನ ಕಲಸುತ್ತಿದ್ದರು.

"ಮೊದ್ಲು ಅವಂಗೆ ಹೇಳಾಕೆ ಹೆದರಿಕೆ. ಆಮೇಲೆ ನಾಚಿಕೆ. ಆಮೇಲೆ ಅವನೇ ನಗ್ತಾನಲ್ಲ, ಯಾಕೆ ಕೆಡಿಸೋದು ಅಂತ. ಹೋದ ವರ್ಷ ಆಷಾಢದಾಗೆ ಆಸ್ಪತ್ರೇಲಿ ಮಲಗಿದ್ದ. ಇವತ್ತು ಹೇಳೇ ಬಿಡ್ತೀನಿ ಅಂತ ಹೋದೆ. 'ಅಣ್ಣಾ, ಊಟ ಆತಾ?' ಅಂದ. ಆತು ಅಂದೆ. ಅಷ್ಟೇ."

ದೇವರು ಮೂವತ್ತೈದು ವರ್ಷ ಸಮಯ ಕೊಟ್ಟಿದ್ದ. ಸಾಲದು ಎನ್ನುವಂತಿಲ್ಲ. ತಮ್ಮನ ವರ್ಷಾಬ್ದಿಕ ಕಳೆದರೂ ಕೆರಿಯಪ್ಪನವರಿಗೆ ಬೆಳಿಗ್ಗೆ ಎದ್ದ ಕೂಡಲೇ ನೆನಪಾಗುವುದು ಅವನ ಮುಖವಲ್ಲ, ಆ ತಕ್ಕಡಿಯ ಮುಳ್ಳು.

ಕಳೆದ ಭಾನುವಾರ ಇಂದಿನ ತಂಡಕ್ಕೆ ಎದುರಾಗಿ ಬಂದದ್ದು ಎಂಬತ್ತೊಂಬತ್ತರ ತಂಡವೇ. ಆರು ಪಂದ್ಯ ಮುಗಿದಾಗ ಮೂರು-ಮೂರು. ಉಳಿದದ್ದು ಐವತ್ತೇಳು. ಕೆರಿಯಪ್ಪ ಎಂದಿನಂತೆ "ವಾಕ್‌ಓವರ್" ಎಂದರು. ಇಂದಿನ ಐವತ್ತೇಳರ ಹುಡುಗ ವಿಘ್ನೇಶ್ವರ, ಹೊಸನಗರದಲ್ಲಿ ವೈರಿಂಗ್ ಕೆಲಸ ಮಾಡುವವನು, ಹಗ್ಗಕ್ಕೆ ಒರಗಿ ನಿಂತ.

"ಕೆರಿಯಣ್ಣ, ಖಾಲಿ ರಿಂಗಲ್ಲಿ ಕೈ ಎತ್ತಿಸ್ಕಳಾಕೆ ನಾನು ಮೊದಲ್ನೇ ಬಸ್ ಹತ್ತಿ ಬರ್ಬೇಕಾ? ನಿಮ್ಮ ತಮ್ಮ ಹೆದರ್ಕಂಡ್ರಾ ಹೆಂಗೆ?"

"ಅವ ತೂಕಕ್ಕೆ ಬರಲ್ಲ."

ತರಬೇತಿ ಕೊಡುವ ಕುಮುದಾ ಮೇಡಂ ಪುಸ್ತಕ ತಿರುಗಿಸಿ ನೋಡಿದರು. "ಐವತ್ತಾರು ಎಂಟುನೂರು ಅಂತ ನೀವೇ ಬರ್ದಿದೀರಲ್ಲ. ಮಿತಿಯೊಳಗೇ ಇದಾರೆ."

ಕೆರಿಯಪ್ಪ ಪುಸ್ತಕ ತೆಗೆದುಕೊಂಡರು. ಪೆನ್ನಿನಿಂದ ಆ ಅಂಕಿಯನ್ನು ಹೊಡೆದು ಐವತ್ತೇಳು ಎಂಟುನೂರು ಎಂದು ಬರೆದರು. ಹದಿನೆಂಟು ಮಕ್ಕಳ ಎದುರು ತಕ್ಕಡಿಯ ಕತೆಯನ್ನು ಮೊದಲಿಂದ ಹೇಳಿದರು. ಬನ್ಸಿನ ಮಾತನ್ನೂ ಬಿಡಲಿಲ್ಲ.

"ಹಂಗಾದ್ರೆ ಎಂಬತ್ತೊಂಬತ್ತರೋರೆಲ್ಲಾ ಒಂದೊಂದು ಕೆ.ಜಿ. ಹೆಚ್ಚಿದ್ರು" ಎಂದ ವಿಘ್ನೇಶ್ವರ. "ಅದಕ್ಕೇ ನಮಗೆ ಇಷ್ಟು ಹೊಡ್ತ." ಯಾರೋ ನಕ್ಕರು. ಅವನು ಗ್ಲೌಸಿನ ದಾರವನ್ನು ಹಲ್ಲಿನಿಂದ ಬಿಗಿದುಕೊಂಡ. "ಅವ್ರು ಐವತ್ತೇಳಕ್ಕೆ ಬರಾದು ಬ್ಯಾಡ. ಇದೊಂದು ಸಲ ನಾನೇ ಮೇಲಿನ ತೂಕಕ್ಕೆ, ಅರವತ್ತಕ್ಕೆ ಹತ್ತುತೀನಿ. ಅದಕ್ಕೆ ನಿಯಮ ಒಪ್ತದಲ್ಲ ಮೇಡಂ?"

ಒಪ್ಪುತ್ತದೆ. ಕೆರಿಯಪ್ಪ ಗಂಟೆ ಹೊಡೆದರು.

ಮೊದಲ ರೌಂಡು ನಾಗೇಂದ್ರನದು. ಅವನ ಎಡಗೈ ಹೇಗೆ ಬರುತ್ತಿತ್ತೆಂದು ಅಣ್ಣನಿಗೆ ಪುಸ್ತಕ ನೋಡದೆಯೂ ಗೊತ್ತು. ಹುಡುಗ ಹಿಂದೆ ಸರಿದ, ಹಗ್ಗಕ್ಕೆ ತಾಗಿದ. ಎರಡನೆಯದರಲ್ಲಿ ಸಮ ಸಮ. ಮೂರನೆಯ ರೌಂಡಿನ ಎರಡು ನಿಮಿಷ ಕಳೆಯುವವರೆಗೂ ನಾಗೇಂದ್ರ ಒಂದಂಗುಲ ಮುಂದಿದ್ದ. ಆಗ ಕೆರಿಯಪ್ಪನವರ ದನಿ ನಿಂತಿತು. ಪುಟದ ಕೆಳಗೆ ಅವರದೇ ಅಕ್ಷರದಲ್ಲಿ ಬರೆದಿತ್ತು: ಕೊನೆಯ ನಿಮಿಷದಲ್ಲಿ ಎಡಗೈ ಇಳಿಯುತ್ತದೆ. ಆಡಿದ ಹನ್ನೊಂದು ಪಂದ್ಯಗಳಲ್ಲೂ ಇಳಿದಿತ್ತು. ಆ ಸಾಲು ಅವರ ಹೊರತು ಬೇರೆ ಯಾರಿಗೂ ಕಾಣುವಂತಿರಲಿಲ್ಲ. ರಿಂಗಿನಲ್ಲಿ ಹುಡುಗ ಕಾಯುತ್ತಿದ್ದ, ಬೆವರು ಇಳಿಯುತ್ತಿತ್ತು.

"ಎಡಗೈ ಇಳೀತು" ಎಂದರು ಕೆರಿಯಪ್ಪ.

ವಿಘ್ನೇಶ್ವರನ ಬಲಗೈ ಹೋಯಿತು. ಮತ್ತೊಮ್ಮೆ ಹೋಯಿತು. ಗಂಟೆ. ಐದು ಚೀಟಿಗಳಲ್ಲಿ ಮೂರು ವಿಘ್ನೇಶ್ವರನಿಗೆ, ಎರಡು ನಾಗೇಂದ್ರನಿಗೆ. ಎಂಬತ್ತೊಂಬತ್ತರ ತಂಡ ನಾಲ್ಕು-ಮೂರರಲ್ಲಿ ಸೋತಿತು. ಹುಡುಗ ಖಾಲಿ ಮೂಲೆಗೆ ಹೋಗಿ ತಲೆಬಾಗಿ ನಮಸ್ಕರಿಸಿ ಇಳಿದ.

ಆ ಸಾಲನ್ನು ಓದದೇ ಬಿಡಬಹುದಿತ್ತಲ್ಲ ಎಂದು ಕೇಳಿದಾಗ ಕೆರಿಯಪ್ಪ ಸೂಜಿಗೆ ದಾರ ಪೋಣಿಸುವುದನ್ನು ನಿಲ್ಲಿಸುತ್ತಾರೆ. ತಮ್ಮನನ್ನು ಗೆಲ್ಲಿಸಬಹುದಿತ್ತಲ್ಲ ಎಂದು ಮನೆಯಲ್ಲೂ ಕೇಳಿದರಂತೆ.

"ಗೆಲ್ಸಿದ್ರೆ ಅದು ನಂದಾಗ್ತಿತ್ತು, ಅವಂದಲ್ಲ" ಎನ್ನುತ್ತಾರೆ. "ಮೂವತ್ತಾರು ವರ್ಷ ಆ ಪುಟದಾಗೆ ಅವ ಗೆಲ್ಲಲೂ ಇಲ್ಲ, ಸೋಲಲೂ ಇಲ್ಲ. ಈಗ ಸೋತ. ಮೂರು ರೌಂಡೂ ನಿಂತು ಸೋತ."