ನಾನು ಅಳಿಸಿದ ಕಾಮೆಂಟು

ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಅಂದಿನಿಂದ ರಾಮನಗರದಲ್ಲಿ ರೇಷ್ಮೆ ನೂಲು ಬಿಚ್ಚುವ ಕೆಲಸ. ಬೇಸಿನ್ನಿನ ಕುದಿಯುವ ನೀರಿನಲ್ಲಿ ಗೂಡು ಬೇಯಿಸಬೇಕು, ಎಳೆಯ ತುದಿ ಹುಡುಕಬೇಕು, ಅದನ್ನು ಚಕ್ರಕ್ಕೆ ಕೊಡಬೇಕು. ಮೂವತ್ತು ವರ್ಷದ ಬಿಸಿನೀರಿಗೆ ಬೆರಳ ತುದಿಯ ಗೆರೆಗಳು ಸವೆದುಹೋಗಿ, ನನ್ನ ಫೋನು ನನ್ನ ಬೆರಳನ್ನು ಗುರುತು ಹಿಡಿಯುವುದಿಲ್ಲ. ನಂಬರು ಒತ್ತಿಯೇ ತೆರೆಯಬೇಕು. ಗೋಳು ಹೇಳಿಕೊಳ್ಳುವುದಕ್ಕೆ ಇದನ್ನು ಬರೆಯುತ್ತಿಲ್ಲ. ಒಂದು ಕೆಲಸವನ್ನು ಸರಿಯಾಗಿ ಕಲಿತೆ, ಅದರಲ್ಲೇ ಮನೆ ನಡೆಸಿದೆ, ಮಗಳನ್ನು ಡಿಗ್ರಿವರೆಗೂ ಓದಿಸಿದೆ. ಅದರ ಬಗ್ಗೆ ನನಗೆ ಹೆಮ್ಮೆ ಇತ್ತು. ಸ್ವಲ್ಪ ಜಾಸ್ತಿಯೇ ಇತ್ತು ಅಂತ ಈಗ ಅನ್ನಿಸುತ್ತದೆ.

ನಾಯಿಗಳ ಬ್ಲಾಗು ಶುರುವಾಗಿದ್ದು ಮಗಳಿಂದ. ನಮ್ಮ ಯೂನಿಟ್ಟಿನ ಹಿಂದೆ ಐದಾರು ನಾಯಿಗಳಿವೆ. ಯಾವುದು ಯಾರಿಗೆ ಹುಟ್ಟಿದ್ದು, ಯಾವುದು ಯಾವುದರ ಜೊತೆ ಮಾತು ಬಿಟ್ಟಿದೆ, ಕೆಂದ ನಾಯಿ ಯಾಕೆ ಮಧ್ಯಾಹ್ನ ಮಾತ್ರ ಗೇಟಿನ ಹತ್ತಿರ ಮಲಗುತ್ತದೆ ಅಂತ ಊಟದ ಹೊತ್ತಿನಲ್ಲಿ ಮನೆಯಲ್ಲಿ ಹೇಳುತ್ತಿದ್ದೆ. ಅವಳು ಒಂದು ದಿನ, "ಅಪ್ಪ, ಇದ್ನೆಲ್ಲ ನಂಗೊಬ್ಳಿಗೇ ಯಾಕೇಳ್ತೀಯ, ಬರಿ" ಎಂದು ಬ್ಲಾಗು ಮಾಡಿಕೊಟ್ಟಳು. ನಾನು ಫೋನಿಗೆ ಬಾಯಲ್ಲಿ ಹೇಳುತ್ತಿದ್ದೆ, ಅದು ಅಕ್ಷರ ಮಾಡುತ್ತಿತ್ತು. ತಪ್ಪಿದ್ದಲ್ಲಿ ಕೂತು ತಿದ್ದುತ್ತಿದ್ದೆ. ಒಂದು ಬರಹಕ್ಕೆ ಒಂದು ವಾರ ಹಿಡಿಯುತ್ತಿತ್ತು.

ಮೊದಲ ಕಾಮೆಂಟು ಬರೆದವರು ಕನಕಪುರದ ಒಬ್ಬರು ಟೀಚರಮ್ಮ. ಪ್ರೈಮರಿ ಶಾಲೆಯಿಂದ ನಿವೃತ್ತರಾದವರು. ಮನೆಯಲ್ಲಿ ಅವರು ಮತ್ತು ಹನ್ನೊಂದು ವರ್ಷದ ಒಂದು ಕರಿ ನಾಯಿ, ಇಬ್ಬರೇ. ನಾನು ಏನೇ ಹಾಕಿದರೂ ಅದೇ ದಿನ ಸಂಜೆಯೊಳಗೆ ಅವರ ಮಾತು ಬಂದಿರುತ್ತಿತ್ತು. "ಕೆಂದನ ಕಾಲು ಈಗ ಹೇಗಿದೆ?" "ನೀವು ಬರೆದಿದ್ದನ್ನು ನಮ್ಮ ಕರಿಯಮ್ಮನಿಗೆ ಓದಿ ಹೇಳಿದೆ, ನಿದ್ದೆ ಹೋದಳು." ನನ್ನನ್ನು 'ಸರ್' ಎನ್ನುತ್ತಿದ್ದರು. ಶಾಲೆಯಲ್ಲಿ ಬೆಂಚಿನ ಮೇಲೆ ನಿಲ್ಲಿಸಿಕೊಂಡವನಿಗೆ ಒಬ್ಬ ಟೀಚರ್ 'ಸರ್' ಎನ್ನುವುದು ಅಂದರೆ ಏನೆಂದು ಓದಿದವರಿಗೆ ಗೊತ್ತಾಗಲಿಕ್ಕಿಲ್ಲ.

ಎರಡು ವರ್ಷದಲ್ಲಿ ಓದುವವರು ಹೆಚ್ಚಾದರು. ಮೈಸೂರು, ಮಾಗಡಿ, ತುಮಕೂರಿನಿಂದೆಲ್ಲ ಪ್ರಶ್ನೆಗಳು ಬರುತ್ತಿದ್ದವು. ಮರಿ ಹಾಲು ಕುಡಿಯುತ್ತಿಲ್ಲ, ಏನು ಮಾಡಲಿ? ಕಿವಿಯಲ್ಲಿ ಕೀವು, ಏನು ಹಾಕಲಿ? ನಾನು ಎಲ್ಲದಕ್ಕೂ ಉತ್ತರ ಕೊಡುತ್ತಿದ್ದೆ. ಗೊತ್ತಿಲ್ಲ ಅಂತ ಒಂದು ಸಲವೂ ಬರೆದ ನೆನಪಿಲ್ಲ. ಪಕ್ಕದ ಬೇಸಿನ್ನಿನಲ್ಲಿ ಕೆಲಸ ಮಾಡುವ ಗೆಳೆಯ ಕಾಲೆಳೆಯುತ್ತಿದ್ದ. "ಏನ್ಲಾ ನಾಯಿ ಡಾಕ್ಟ್ರು, ಇವತ್ತೆಷ್ಟು ಜನ ಬಂದವ್ರೆ ಆಸ್ಪತ್ರೆಗೆ?"

"ನಿನ್ನಂಗೆ ಬೀಡಿ ಸೇದ್ಕೊಂಡು ಕೂರಕ್ಕಿಂತ ವಾಸಿ ಕಣ್ಲಾ" ಎನ್ನುತ್ತಿದ್ದೆ.

"ಒಸಿ ನನ್ ಸೊಂಟನೂ ನೋಡು ಡಾಕ್ಟ್ರೆ. ನಾನೂ ನಾಯಿ ಥರಾನೇ ದುಡೀತಿವ್ನಿ."

ಹೀಗಿರುವಾಗ ಹುಳದ ವಿಚಾರ ಬರೆದೆ. ಗೂಡಿನ ನೂಲೆಲ್ಲ ಬಿಚ್ಚಿದ ಮೇಲೆ ಒಳಗಿನ ಬೆಂದ ಹುಳ ಉಳಿಯುತ್ತದೆ. ನಮ್ಮ ಯೂನಿಟ್ಟಿನಲ್ಲಿ ಅದನ್ನು ಬುಟ್ಟಿಗೆ ತುಂಬಿ ಇಡುತ್ತೇವೆ, ಕೋಳಿ, ಮೀನಿನ ಮೇವು ಮಾಡುವವರು ಒಯ್ಯುತ್ತಾರೆ. ನಾನು ಬೇಸಿನ್ನಿನಿಂದ ತೆಗೆದ ಬಿಸಿ ಹುಳವನ್ನು ಒಂದು ಹಿಡಿ ತೊಳೆದು, ಮುದ್ದೆಗೆ ಕಲಸಿ ನಮ್ಮ ನಾಯಿಗಳಿಗೆ ಹಾಕುತ್ತಿದ್ದೆ. ಅವುಗಳ ಮೈಗೂದಲು ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿತ್ತು. ಫೋಟೋ ಹಾಕಿ ಬರೆದೆ: ಅಂಗಡಿಯಲ್ಲಿ ಪ್ಯಾಕೆಟ್ ಮೇವಿಗೆ ದುಡ್ಡು ಸುರಿಯಬೇಡಿ, ನಮ್ಮ ಜಿಲ್ಲೆಯ ರೇಷ್ಮೆ ಹುಳಕ್ಕಿಂತ ಒಳ್ಳೆಯದು ಇಲ್ಲ, ದಿನಕ್ಕೊಂದು ಹಿಡಿ ಹಾಕಿ.

ಆ ಹುಳ ಅವತ್ತಿನದೇ ಆಗಿರಬೇಕು ಅಂತ ಬರೆಯಲಿಲ್ಲ. ಬೇಸಿನ್ನಿನಿಂದ ತೆಗೆದು ಅರ್ಧ ದಿನವಾದರೆ ಕಪ್ಪಾಗುತ್ತದೆ, ಅದರ ಎಣ್ಣೆ ಕೆಡುತ್ತದೆ, ಆಮೇಲೆ ನಮ್ಮ ನಾಯಿಗಳೇ ಮೂಸಿ ಬಿಟ್ಟು ಹೋಗುತ್ತವೆ. ಇದು ನಮ್ಮ ಬೀದಿಯಲ್ಲಿ ಎಲ್ಲರಿಗೂ ಗೊತ್ತು. ಗಾಳಿ ಬೀಸಿದರೇ ಯಾವ ಬುಟ್ಟಿ ಹಳೆಯದು ಅಂತ ಹೇಳುತ್ತೇವೆ. ಎಲ್ಲರಿಗೂ ಗೊತ್ತಿರುವುದನ್ನು ಬರೆಯಬೇಕು ಅಂತ ಹೊಳೆಯಲೇ ಇಲ್ಲ.

ಮೂರು ವಾರದ ನಂತರ ಟೀಚರಮ್ಮ ಬರೆದರು. ಕರಿಯಮ್ಮ ಎರಡು ದಿನದಿಂದ ವಾಂತಿ ಮಾಡುತ್ತಿದ್ದಾಳೆ, ಬೆನ್ನು ಬಗ್ಗಿಸಿಕೊಂಡು ನಿಲ್ಲುತ್ತಾಳೆ, ಏನು ಮಾಡಲಿ ಸರ್? ನಾನು ಕೆಲಸದ ನಡುವೆ ಕೈ ಒರೆಸಿಕೊಂಡು ಉತ್ತರ ಕೊಟ್ಟೆ: ಏನೂ ಆಗಲ್ಲ, ಒಂದು ದಿನ ಹೊಟ್ಟೆ ಖಾಲಿ ಬಿಡಿ, ಆಮೇಲೆ ನೀರು ಮಜ್ಜಿಗೆ ಕೊಡಿ. ಏನು ತಿನ್ನಿಸಿದಿರಿ ಅಂತ ಕೇಳಲಿಲ್ಲ. ಪಶು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಅಂತಲೂ ಹೇಳಲಿಲ್ಲ. ಅವರು "ಸರಿ ಸರ್" ಎಂದರು.

ಐದು ದಿನ ಅವರ ಸುದ್ದಿ ಇರಲಿಲ್ಲ. ಆರನೇ ದಿನ ಮಧ್ಯಾಹ್ನ, ಹುಳದ ಬರಹದ ಕೆಳಗೆ ಅವರ ಕಾಮೆಂಟು ಬಂತು. ಕರಿಯಮ್ಮ ನಿನ್ನೆ ಹೋದಳು. ಮೇವಿನ ಅಂಗಡಿಯಲ್ಲಿ ಒಣಗಿದ ರೇಷ್ಮೆ ಹುಳ ಸಿಕ್ಕಿತ್ತು, ನೀವು ಹೇಳಿದ ಹಾಗೆ ದಿನಕ್ಕೊಂದು ಹಿಡಿ ಹಾಕಿದೆ. ಹಳೆಯ ಹುಳದಿಂದ ಹೊಟ್ಟೆಯೊಳಗೆ ಊದಿಕೊಂಡಿದೆ, ಎರಡು ದಿನ ಮೊದಲು ತಂದಿದ್ದರೆ ನೋಡಬಹುದಿತ್ತು ಎಂದರು ಡಾಕ್ಟರು.

ಅದರ ಕೆಳಗೆ ಇನ್ನೂ ಒಂದು ಸಾಲು ಇತ್ತು. ನಾನು ಅಲ್ಲಿವರೆಗೆ ಓದಲಿಲ್ಲ. ಆ ಬರಹವನ್ನು ಎಷ್ಟೊಂದು ಜನ ಮೆಚ್ಚಿದ್ದರು. ಪಕ್ಕದಲ್ಲಿ ಗೆಳೆಯ ಚಕ್ರ ತಿರುಗಿಸುತ್ತಾ ಏನೋ ಹಾಡು ಗುನುಗುತ್ತಿದ್ದ. ಅವನು ನೋಡುತ್ತಾನೆ, ಎಲ್ಲರೂ ನೋಡುತ್ತಾರೆ, ಏಳನೇ ಕ್ಲಾಸಿನವನ ಮಾತು ಕೇಳಿ ನಾಯಿ ಸತ್ತಿತು ಎನ್ನುತ್ತಾರೆ ಅನ್ನಿಸಿತು. ಕಾಮೆಂಟನ್ನು ಒತ್ತಿ ಹಿಡಿದೆ, ಅಳಿಸಿದೆ. ಮತ್ತೆ ಕೈಯನ್ನು ಬಿಸಿನೀರಿಗೆ ಹಾಕಿ ಎಳೆ ಹುಡುಕಿದೆ. ಅವರಿಗೆ ಒಂದು ಮಾತೂ ಬರೆಯಲಿಲ್ಲ.

ಮಗಳ ಫೋನಿಗೂ ಆ ಕಾಮೆಂಟು ಹೋಗಿತ್ತು. ಸಂಜೆ ನಾನು ಮನೆಗೆ ಬಂದಾಗ ಬಾಗಿಲಲ್ಲೇ ಕೇಳಿದಳು. "ಅಪ್ಪ, ಟೀಚರಮ್ಮ ಬರ್ದಿದ್ದು ಎಲ್ಲೋಯ್ತು?"

"ನಾನೇ ತೆಗ್ದೆ."

"ಯಾಕೆ?"

"ಬುಡು, ಆಗೋಗದು ಆಗೋಯ್ತು. ಎಲ್ರಿಗೂ ತೋರ್ಸಿ ಏನ್ಮಾಡದು?"

ಅವಳು ಜೋರು ಮಾಡಲಿಲ್ಲ. "ಈಗ ಹುಳ ಹಾಕ್ತಾವ್ರಲ್ಲ, ಅವ್ರು ಅದನ್ನ ಓದಿದ್ರೆ ನಿಲ್ಲಿಸ್ತಿದ್ರಲ್ಲಪ್ಪ" ಎಂದಷ್ಟೇ ಹೇಳಿ ಒಳಗೆ ಹೋದಳು.

ಅವಳ ಮಾತು ಬರುವವರೆಗೆ ನಾನು ಬೇರೆ ನಾಯಿಗಳ ಯೋಚನೆಯನ್ನೇ ಮಾಡಿರಲಿಲ್ಲ. ನನ್ನ ಮುಖದ ಯೋಚನೆಯಲ್ಲೇ ಇದ್ದೆ.

ಮಾರನೆಯ ದಿನ ಕೆಲಸಕ್ಕೆ ರಜೆ ಹೇಳಿ ಕನಕಪುರದ ಬಸ್ಸು ಹತ್ತಿದೆ. ಟೀಚರಮ್ಮನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರ ಹೂವು ಮಾರುವವಳು ಅವರ ಹತ್ತಿರ ಓದಿದವಳೇ ಆಗಿದ್ದಳು. ಬಾಗಿಲು ತೆಗೆದ ಟೀಚರಮ್ಮ ನಾನಂದುಕೊಂಡದ್ದಕ್ಕಿಂತ ಕುಳ್ಳಗಿದ್ದರು. ಯಾರೆಂದು ಹೇಳಿದೆ. ಒಳಗೆ ಕರೆದು ಕುರ್ಚಿ ಹಾಕಿ, ನೀರು ಕೊಟ್ಟರು. ಜಗಲಿಯ ಮೂಲೆಯಲ್ಲಿ ಮಡಚಿದ ಹಳೆಯ ಕಂಬಳಿ, ಅದರ ಮೇಲೆ ಕಪ್ಪು ಕೂದಲು. ಪಕ್ಕದಲ್ಲಿ ಬಾಯಿ ಕಟ್ಟಿದ ಒಂದು ಪ್ಲಾಸ್ಟಿಕ್ ಚೀಲ. ವಾಸನೆ ಬಾಗಿಲಿಗೇ ಬಂದಿತ್ತು. ತಿಂಗಳುಗಟ್ಟಲೆ ಹಳೆಯ ಹುಳ.

"ಟೀಚರಮ್ಮ, ಇದು ಕೆಟ್ಟೋಗೈತೆ. ವಾಸ್ನೆ ಗೊತ್ತಾಗ್ಲಿಲ್ವಾ?" ಅಂದುಬಿಟ್ಟೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ.

"ರೇಷ್ಮೆ ಹುಳ ಹೀಗೇ ನಾರುತ್ತೆ ಅಂದುಕೊಂಡೆ. ನಾನು ಮೊದಲು ಯಾವಾಗ ಮೂಸಿದ್ದೆ? ನೀವು ಬರೆದಿರಲಿಲ್ಲ."

"ತೆಪ್ಪಾಯ್ತು. ಆಸ್ಪತ್ರೆಗೆ ಓಗಿ ಅಂತನೂ ಅನ್ಲಿಲ್ಲ ನಾನು."

"ಅನ್ನಲಿಲ್ಲ." ನೀರಿನ ಲೋಟ ತೆಗೆದಿಡುತ್ತಾ ಕೇಳಿದರು, "ನನ್ನ ಕಾಮೆಂಟು ಪೂರ್ತಿ ಓದಿದ್ರಾ?"

"ಇಲ್ಲ."

"ಕೊನೆ ಸಾಲಲ್ಲಿ, ಸರ್, ನಿಮ್ಮನ್ನು ದೂರುತ್ತಿಲ್ಲ, ಉಳಿದವರಿಗೆ ಗೊತ್ತಾಗಲಿ ಅಂತ ಬರೆದೆ ಅಂತಿತ್ತು." ಅವರ ದನಿ ಏರಲಿಲ್ಲ. ಮಕ್ಕಳಿಗೆ ಪಾಠ ಮಾಡುವ ಹಾಗೆ ಹೇಳಿದರು. "ಆಗ ದೂರಿರಲಿಲ್ಲ. ನೀವು ಅಳಿಸಿದ್ದು ನೋಡಿದ ಮೇಲೆ ದೂರುತ್ತಿದ್ದೀನಿ. ಅವಳನ್ನು ಹೂತು ಬಂದು, ಕೈ ತೊಳೆದು ಕೂತು ಬರೆದಿದ್ದು ಅದು."

ಇನ್ನೊಂದು ಸಲ ಬರೆಯಿರಿ, ಯಾವತ್ತೂ ಅಳಿಸುವುದಿಲ್ಲ ಅಂತ ಕೇಳಿಕೊಂಡೆ.

"ಎರಡನೇ ಸಲ ಬರೆಯೋಕೆ ನನ್ನಿಂದ ಆಗಲ್ಲ. ನೀವೇ ಬರೀರಿ. ಏನೂ ಮುಚ್ಚಿಡಬೇಡಿ, ಅಳಿಸಿದ್ದನ್ನೂ ಸೇರಿಸಿ." ಬಾಗಿಲವರೆಗೆ ಬಂದು, ಆ ಚೀಲವನ್ನು ನನ್ನ ಕೈಗೆ ಕೊಟ್ಟರು. "ಇದನ್ನು ಎಲ್ಲಿ ಬಿಸಾಕಬೇಕೋ ನನಗೆ ಗೊತ್ತಾಗ್ತಿಲ್ಲ. ಬೇರೆ ನಾಯಿ ಬಾಯಿ ಹಾಕಿಬಿಟ್ಟರೆ."

ಬಸ್ಸಿನಲ್ಲಿ ಜನ ಮೂಗು ಮುಚ್ಚಿಕೊಂಡು ನನ್ನ ಕಡೆ ನೋಡುತ್ತಿದ್ದರು. ಚೀಲವನ್ನು ಕಾಲ ಸಂದಿಯಲ್ಲಿ ಇಟ್ಟುಕೊಂಡು ರಾಮನಗರದವರೆಗೆ ಕೂತೆ. ಯೂನಿಟ್ಟಿನ ಹಿಂದೆ ಮೊಣಕಾಲುದ್ದ ಗುಂಡಿ ತೋಡಿ, ಸುಣ್ಣ ಹಾಕಿ ಹೂತೆ. ಗುಂಡಿ ತೋಡುವಾಗ ಗೆಳೆಯ ಬಂದು ತಾನೂ ಹಾರೆ ಹಿಡಿದಿದ್ದ.

ಆ ಸಂಜೆಯೇ ಹುಳದ ಬರಹದ ತಲೆಯ ಮೇಲೆ, ಇದನ್ನು ನಂಬಬೇಡಿ, ಹುಳ ಹಾಕುತ್ತಿದ್ದರೆ ಇವತ್ತೇ ನಿಲ್ಲಿಸಿ ಎಂದು ಹಾಕಿದೆ. ಪೂರ್ತಿ ಬರೆಯುವುದಕ್ಕೆ ಇನ್ನೂ ಮೂರು ದಿನ ಬೇಕಾಯಿತು. ಈ ಸಲ ಫೋನಿಗೆ ಬಾಯಲ್ಲಿ ಹೇಳಲಿಲ್ಲ, ಒಂದೊಂದೇ ಅಕ್ಷರ ಒತ್ತಿ ಬರೆದೆ. ಮಾಗಡಿಯ ಒಬ್ಬರು, ನಮ್ಮದಕ್ಕೂ ವಾಂತಿ ಆಗಿತ್ತು, ಹೆದರಿ ನಿಲ್ಲಿಸಿದ್ದೆ, ನಿಮಗೆ ಹೇಳಲು ಸಂಕೋಚವಾಯಿತು ಎಂದು ಬರೆದರು. ಹಾಗೆ ಸಂಕೋಚ ಪಟ್ಟುಕೊಂಡು ಸುಮ್ಮನಾದವರು ಇನ್ನೆಷ್ಟು ಜನವೋ, ಅವರ ನಾಯಿಗಳು ಏನಾದವೋ ನನಗೆ ಯಾವತ್ತೂ ತಿಳಿಯುವುದಿಲ್ಲ.

ಕೆಲವರು ಪರವಾಗಿಲ್ಲ ಸರ್ ಎಂದರು. ಒಬ್ಬರು, ನಾಲ್ಕಕ್ಷರ ಓದದವನಿಗೆ ಬ್ಲಾಗ್ ಬೇರೆ ಕೇಡು, ಇಂಥವನ ಮಾತು ನಂಬಿದವರಿಗೆ ಬುದ್ಧಿ ಇಲ್ಲ ಎಂದು ಬರೆದರು. ಮಗಳು ಅದನ್ನು ಓದಿ ಕಣ್ಣು ತುಂಬಿಕೊಂಡಳು.

"ಇದನ್ನ ತೆಗೀಲಾಪ್ಪ?"

"ಬೇಡ. ಇರ್ಲಿ ಬುಡವ್ವ."

ಅದು ಈಗಲೂ ಅಲ್ಲೇ ಇದೆ. ಆಮೇಲೆ ನಾಲ್ಕು ಸಲ ಬರೆದಿದ್ದೇನೆ, ನಮ್ಮ ನಾಯಿಗಳ ವಿಚಾರ ಮಾತ್ರ. ಯಾರಾದರೂ ಕಾಯಿಲೆ ಬಗ್ಗೆ ಕೇಳಿದರೆ, ನನಗೆ ಗೊತ್ತಿಲ್ಲ, ಡಾಕ್ಟರ ಹತ್ತಿರ ಹೋಗಿ ಎನ್ನುತ್ತೇನೆ. ಬರೆದ ದಿನ ಸಂಜೆಯವರೆಗೆ ಫೋನನ್ನು ಬೇಸಿನ್ನಿನ ಪಕ್ಕದಲ್ಲೇ ಇಟ್ಟುಕೊಂಡಿರುತ್ತೇನೆ. ಬೇರೆಯವರೆಲ್ಲ ಬರೆಯುತ್ತಾರೆ. ಕನಕಪುರದಿಂದ ಮಾತ್ರ ಏನೂ ಬಂದಿಲ್ಲ.