ಎಸ್ತೇರಮ್ಮ ಟೀಚರ್ ಬಿಡದೆ ಕೇಳಿದ್ದು

ಎಸ್ತೇರಮ್ಮ ಟೀಚರ್ ಕಣ್ಣು ತೆರೆದುಕೊಂಡೇ ಪ್ರಾರ್ಥನೆ ಮಾಡುತ್ತಿದ್ದರು. ಮಕ್ಕಳೆಲ್ಲ ಕಣ್ಣು ಮುಚ್ಚಿ ಕೈ ಜೋಡಿಸಿ ನಿಂತಿರುವಾಗ ಅವರೊಬ್ಬರು ಮಾತ್ರ ಸಾಲಿನಿಂದ ಸಾಲಿಗೆ ನೋಡುತ್ತ, ಪಕ್ಕದವನನ್ನು ಚಿವುಟುತ್ತಿದ್ದ ಕೈಯನ್ನು ಮೆಲ್ಲಗೆ ಬಿಡಿಸುತ್ತ, ದೇವರೊಂದಿಗೆ ಮಾತಾಡುತ್ತಿದ್ದರು. ನಾನು ಟೀಚರಾಗಿ ಸೇರಿದ ಮೊದಲ ವಾರ ಯಾಕೆ ಹೀಗೆಂದು ಕೇಳಿದೆ. "ನಾನೂ ಕಣ್ಮುಚ್ಕೊಂಡ್ರೆ ಇವ್ರನ್ನ ನೋಡ್ಕೊಳ್ಳೋರ್ಯಾರು? ತಂದೆಗೆ ಗೊತ್ತಿದೆ ಬುಡು" ಎಂದರು.

ಅದು ಎಪ್ಪತ್ತರ ದಶಕದ ಕೊನೆ. ಕುಣಿಗಲ್ಲಿನಲ್ಲಿ ಕ್ರೈಸ್ತರ ಚಿಕ್ಕ ಸಮಿತಿಯೊಂದು ನಡೆಸುತ್ತಿದ್ದ ಅನುದಾನಿತ ಶಾಲೆ; ಹೆಂಚಿನ ಎರಡು ಕೋಣೆ, ನಾವಿಬ್ಬರೇ ಟೀಚರುಗಳು. ಅವರಿಗೆ ನಲವತ್ತೈದು ದಾಟಿತ್ತು, ನನಗೆ ಇಪ್ಪತ್ತೆರಡು. ಇಬ್ಬರೂ ತುಮಕೂರಿನಿಂದ ಒಂದೇ ಬಸ್ಸಿನಲ್ಲಿ ಬರುತ್ತಿದ್ದೆವು. ನಮ್ಮ ಮನೆಯಲ್ಲಿ ಅಮ್ಮ, ನಾನು. ಅಪ್ಪ ತೀರಿಕೊಂಡಿದ್ದರು, ಅಮ್ಮ ಹಪ್ಪಳ ಒತ್ತಿ ಮಾರುತ್ತಿದ್ದಳು. ತುಮಕೂರಿನ ಅಂಚಿನ ಮರಳೂರಿನಲ್ಲಿದ್ದ ಅವರ ಬಾಡಿಗೆ ಮನೆಯಲ್ಲಿ ಪಾರ್ಶ್ವವಾಯು ಬಡಿದು ಮಾತು ನಿಂತುಹೋದ ಗಂಡ. ಹಗಲು ಅವರನ್ನು ಪಕ್ಕದ ಮನೆಯವರು ನೋಡಿಕೊಳ್ಳುತ್ತಿದ್ದರು.

ನಾನು ಸೇರಿದ ವರ್ಷವೇ ಕಟ್ಟಡದ ಯಾವುದೋ ಸರ್ಟಿಫಿಕೇಟು ಇಲ್ಲವೆಂದು ಶಾಲೆಯ ಅನುದಾನ ನಿಂತಿತು. ಎಂಟು ತಿಂಗಳು ಸಂಬಳವಿಲ್ಲ. ಬರುತ್ತದೋ ಇಲ್ಲವೋ ಎಂದು ಹೇಳುವವರೂ ಇರಲಿಲ್ಲ. ಎಸ್ತೇರಮ್ಮನವರು ಎರಡು ಸೀರೆಗಳನ್ನು ಒಂದಾದ ಮೇಲೊಂದು ಒಗೆದು ಉಡುತ್ತ, ಮಧ್ಯಾಹ್ನಕ್ಕೆ ರಾಗಿ ರೊಟ್ಟಿ ಮುರಿದು ನನಗೂ ಕೊಡುತ್ತ ದಿನ ದೂಡಿದರು. ಬೆಳಗಿನ ಪ್ರಾರ್ಥನೆಯಲ್ಲಿ ಸೀಮೆಸುಣ್ಣ ಕೇಳುತ್ತಿದ್ದರು, ಯಾವುದೋ ಹುಡುಗಿಯ ಕಜ್ಜಿ ವಾಸಿಯಾಗಲೆಂದು ಕೇಳುತ್ತಿದ್ದರು. ಸಂಬಳವನ್ನು ಮಾತ್ರ ಮಕ್ಕಳ ಎದುರು ಕೇಳಿದವರಲ್ಲ. ಮಕ್ಕಳಿಗ್ಯಾಕೆ ಆ ಭಾರ, ಅದನ್ನು ಬಸ್ಸಿನಲ್ಲಿ ಕೇಳಿಕೊಳ್ಳುತ್ತೇನೆ ಎನ್ನುತ್ತಿದ್ದರು. ನಿಜವಾಗಿಯೂ ಬಸ್ಸಿನಲ್ಲಿ ಕಿಟಕಿಯಾಚೆ ನೋಡುತ್ತ ಅವರ ತುಟಿ ಅಲುಗುತ್ತಿತ್ತು.

ಒಂದು ದಿನ ಪ್ರಾರ್ಥನೆಯೇ ನಡೆಯಲಿಲ್ಲ. ನೇರವಾಗಿ ಬೋರ್ಡಿನ ಮೇಲೆ ಲೆಕ್ಕ ಬರೆದರು. ಗಂಡನ ಔಷಧಿ ಮುಗಿದು ನಾಲ್ಕು ದಿನವಾಗಿತ್ತೆಂದು ನನಗೆ ಆಮೇಲೆ ತಿಳಿಯಿತು. ಸಂಜೆ ಬಸ್ಸು ಹೆಬ್ಬೂರು ದಾಟುವಾಗ, ನಾನು ಕೇಳದೆಯೇ, "ಇವತ್ತು ಅವನ ಹತ್ರ ಮಾತು ಬಿಟ್ಟಿದೀನಿ ಸರೋಜಾ" ಎಂದರು. ನನಗೆ ಭಯವಾಯಿತು. ಅವರ ದೇವರು ನನ್ನ ದೇವರಲ್ಲದಿದ್ದರೂ, ಅವರಿಬ್ಬರ ನಡುವೆ ಮಾತು ನಿಂತರೆ ನಮ್ಮ ಗತಿಯೇನು ಅನ್ನಿಸಿತು. ಮರುದಿನ ಎಂದಿನಂತೆ ಮಕ್ಕಳನ್ನು ಸಾಲು ನಿಲ್ಲಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ಎಷ್ಟ್ ದಿನಾಂತ ಮಾತು ಬಿಡ್ಲಿ? ಮನೇಲಿ ಮಾತಾಡೋಕೆ ಇನ್ಯಾರಿದಾರೆ ನಂಗೆ?" ಎಂದರು.

ಒಂಬತ್ತನೆಯ ತಿಂಗಳು ಅನುದಾನ ಬಂತು, ಆದರೆ ಒಬ್ಬ ಟೀಚರಿಗೆ ಮಾತ್ರ. ಮಕ್ಕಳ ಸಂಖ್ಯೆ ಅಷ್ಟಕ್ಕೇ ಸಾಕಿತ್ತಂತೆ. ಹಿರಿತನದ ಪ್ರಕಾರ ಕೆಲಸ ಅವರದು. ನನಗೆ ಗೊತ್ತಿದ್ದ ಎಸ್ತೇರಮ್ಮ ಅದನ್ನು ನನಗೇ ಬಿಟ್ಟುಕೊಡುತ್ತಾರೆಂದು ಒಳಗೊಳಗೇ ಕಾದೆ. ಅವರು ಬಿಡಲಿಲ್ಲ. ನನ್ನನ್ನು ಎದುರಿಗೆ ಕೂರಿಸಿಕೊಂಡು, ಮುಖ ತಪ್ಪಿಸದೆ ಹೇಳಿದರು: "ಬಿಟ್ಕೊಡೋಕೆ ನನ್ ಕೈಲಾಗಲ್ಲ ಕಣೇ. ಮನೇಲಿ ಅವ್ರಿದಾರೆ. ಆದ್ರೆ ನಿಂಗೊಂದು ಕೆಲ್ಸ ಸಿಗೋವರ್ಗೂ ನಾನು ಕೇಳೋದು ಬಿಡಲ್ಲ."

"ಕೇಳ್ಕೊಳಿ, ನಿಮ್ಗೇನು ಖರ್ಚು?" ಎಂದು ಎದ್ದು ಬಂದೆ. ಆ ಸಂಜೆ ಬೇರೆ ಬಸ್ಸು ಹತ್ತಿದೆ.

ನಾಲ್ಕೇ ತಿಂಗಳಿಗೆ ಗುಬ್ಬಿಯ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿತು, ಅದೂ ಕಾಯಂ. ಅಮ್ಮ ಹೋಗಿ ಹೇಳಿ ಬಾ ಎಂದಳು. ನಾನು ಹೋಗಲಿಲ್ಲ, ಕಾಗದವನ್ನೂ ಬರೆಯಲಿಲ್ಲ. ಗುಬ್ಬಿಯಲ್ಲೇ ಮನೆ ಮಾಡಿದೆವು, ನನಗೆ ಮದುವೆಯಾಯಿತು, ಮಗುವಾಯಿತು. ಕೋಪ ಯಾವಾಗ ಆರಿತೋ ತಿಳಿಯಲಿಲ್ಲ. ಅದು ಆರುವ ಹೊತ್ತಿಗೆ ಹೋಗಲು ಸಂಕೋಚ ಶುರುವಾಗಿತ್ತು.

ಏಳು ವರ್ಷ ಕಳೆಯಿತು. ಒಂದು ಜೂನ್ ತಿಂಗಳು ಕುಣಿಗಲ್ಲಿನಿಂದ ಟಿ.ಸಿ. ತಂದ ಹುಡುಗಿಯೊಬ್ಬಳು ನನ್ನ ತರಗತಿಗೆ ಸೇರಿದಳು. ಹಾಜರಿ ಪುಸ್ತಕದ ಮೇಲಿದ್ದ ನನ್ನ ಹೆಸರನ್ನು ಅಕ್ಷರ ಕೂಡಿಸಿ ಓದಿ, ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಮಿಸ್, ಕೆಲ್ಸ ಇಲ್ದಿರೋ ಸರೋಜ ಮಿಸ್ಸು ನೀವೇನಾ?"

ಅವಳನ್ನು ಹತ್ತಿರ ಕೂರಿಸಿಕೊಂಡು ಕೇಳಿದೆ. ಹಳೆಯ ಶಾಲೆಯಲ್ಲಿ ದಿನಾ ಬೆಳಿಗ್ಗೆ ಸರೋಜ ಮಿಸ್ಸಿಗೆ ಒಂದು ಕೆಲಸ ಕೊಡಪ್ಪಾ ಎಂದು ಎಲ್ಲರೂ ಕೇಳಿಕೊಳ್ಳುತ್ತಾರೆ, ಎಸ್ತೇರಮ್ಮ ಮಿಸ್ಸು ಹೇಳಿಕೊಡುತ್ತಾರೆ ಎಂದಳು. ನನ್ನ ಮುಖವನ್ನೇ ಕಾಣದ ಎಷ್ಟು ಮಕ್ಕಳು ನನಗಾಗಿ ಕೈ ಜೋಡಿಸಿದ್ದವೋ.

ಆ ಭಾನುವಾರ ಮರಳೂರಿಗೆ ಹೋದೆ. ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು. ಎಸ್ತೇರಮ್ಮನವರ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಕೈ ಹಿಡಿದು ಒಳಗೆ ಕರೆದೊಯ್ದು, ಮೊದಲು ಕೇಳಿದ್ದೇ ಕೆಲಸ ಸಿಕ್ಕಿತಾ ಎಂದು. ಏಳು ವರ್ಷದ ಕೆಳಗೇ ಸಿಕ್ಕಿತೆಂದು ಹೇಳುವಾಗ ನನಗೆ ತಲೆ ಎತ್ತಲಾಗಲಿಲ್ಲ. ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡು, ಮೈಯೆಲ್ಲ ಅಲುಗುವಂತೆ ನಕ್ಕರು.

"ಒಂದ್ ಮಾತು ಹೇಳ್ಬಾರ್ದಿತ್ತೇನೇ? ಅಷ್ಟು ವರ್ಷ ಬೇರೆ ಯಾರ್ಗಾದ್ರೂ ಕೇಳ್ತಿದ್ದೆನಲ್ಲ."

ಅದರಲ್ಲಿ ಒಂದು ಚೂರೂ ಆಕ್ಷೇಪಣೆ ಇರಲಿಲ್ಲ. ಕಾಫಿ ಕೊಟ್ಟರು. ಗಂಡ ಕೊನೆಯ ದಿನಗಳಲ್ಲಿ ಕೈ ಒತ್ತಿಯೇ ಏನೋ ಹೇಳುತ್ತಿದ್ದುದನ್ನು ನೆನೆದರು. ಬಸ್ಸಿನವರೆಗೂ ಬಂದು, ಮುಂದಿನ ಸಲ ಮಗುವನ್ನು ಕರೆದುಕೊಂಡು ಬಾ ಎಂದರು.

ನಾನು ಮಗುವನ್ನು ಕರೆದುಕೊಂಡು ಹೋಗುವ ಮೊದಲೇ ಅವರು ಹೋಗಿಬಿಟ್ಟರು. ಮಣ್ಣಾಗಿ ಹದಿನೈದು ದಿನದ ಮೇಲೆ ಸುದ್ದಿ ಬಂತು. ಈಗಲೂ ಕೆಲವು ಬೆಳಿಗ್ಗೆ ಶಾಲೆಯ ಗಂಟೆ ಕೇಳಿಸಿದರೆ ಮನಸ್ಸು ಕುಣಿಗಲ್ಲಿಗೆ ಓಡುತ್ತದೆ. ಅಲ್ಲಿ ಏಳು ವರ್ಷ ಪ್ರತಿದಿನ ಯಾರೋ ನನ್ನ ಹೆಸರು ಹಿಡಿದು ನನಗಾಗಿ ಬೇಡುತ್ತಿದ್ದರು. ಆ ವರ್ಷಗಳಲ್ಲಿ ಗುಬ್ಬಿಯ ಮನೆಯಲ್ಲಿ ಎಲ್ಲರೂ ಇದ್ದೂ, ನನಗೆ ಯಾರೂ ಇಲ್ಲವೆಂದು ಎಷ್ಟೋ ಸಲ ಅತ್ತಿದ್ದೇನೆ.