ನಾಳೆ ಹನ್ನೊಂದಕ್ಕೆ ಗ್ಯಾಸು ಸೋರುತ್ತದೆ

ನಾನು ಫೋನಿನಲ್ಲಿ ಟೈಪು ಮಾಡಲು ಕಲಿತು ಆಗ ಎರಡು ತಿಂಗಳಾಗಿತ್ತು. ಕಲಿಸಿದವಳು ಮೊಮ್ಮಗಳು. ಅದರ ಫಲ ಉಂಡವಳೂ ಅವಳೇ.

ಅವಳು ನಮ್ಮ ಜೊತೆ ಹುಬ್ಬಳ್ಳಿಯ ಕೇಶ್ವಾಪುರದ ಮನೆಯಲ್ಲಿದ್ದಾಳೆ. ಆಫೀಸು ದೇಶಪಾಂಡೆ ನಗರದಲ್ಲಿ. ಆದರೆ ಆಗೆಲ್ಲ ವಾರಕ್ಕೆ ಮೂರು ದಿನ ನಮ್ಮ ಪಡಸಾಲೆಯಲ್ಲೇ ಕೂತು ಕೆಲಸ ಮಾಡುತ್ತಿದ್ದಳು. ಏನು ಕೆಲಸ ಎಂದು ಯಾರಾದರೂ ಕೇಳಿದರೆ ನಮ್ಮ ಮನೆಯವರು ‘ಕಂಪ್ಯೂಟರ್’ ಎಂದು ಹೇಳಿ ಮತ್ತೆ ಪೇಪರಿನೊಳಗೆ ಹೋಗಿಬಿಡುತ್ತಾರೆ. ನಾನು ಹಾಗಲ್ಲ. ಎದುರಿಗೆ ಕೂರಿಸಿಕೊಂಡು ಕೇಳಿದೆ.

“ಆಯಿ, ನಾವು ಯಾರದೂ ಕದ್ದು ನೋಡಂಗಿಲ್ಲ. ಮಂದಿ ತಾವಾಗೇ ಎಲ್ಲಾರಿಗೂ ಕಾಣೂ ಹಂಗ ಹಾಕಿರತಾರಲ್ಲ, ಫೋಟೋ, ವಿಡಿಯೋ, ಸುದ್ದಿ, ಅದನ್ನ ಓದತೇವಿ. ಎಲ್ಲೆರೆ ನೀರು ಏರಾಕತ್ತೈತಿ, ಬೆಂಕಿ ಬಿದ್ದೈತಿ, ಸುಳ್ಳು ಸುದ್ದಿ ಎದ್ದೈತಿ ಅಂತ ಗೊತ್ತಾತಂದ್ರ ಜಿಲ್ಲಾದ ಕಂಟ್ರೋಲ್ ರೂಮಿಗೆ ಲಗೂ ಹೇಳತೇವಿ.”

“ಅಂದ್ರ ಕಟ್ಟಿ ಮ್ಯಾಲ ಕುಂತು ಓಣ್ಯಾಗ ಹೋಗೂ ಬರೂ ಮಂದೀನ ನೋಡೂದು.”

“ಹಂಗಲ್ಲ ಆಯಿ.”

“ಮತ್ತ ಹೆಂಗ?”

“ಹಂಗ. ಆದ್ರ ನಾವು ಬರದಿಡತೇವಿ.”

ನಾನು ನಲವತ್ತು ವರ್ಷ ಕಟ್ಟೆಯ ಮೇಲೆ ಕೂತು ಈ ಕೆಲಸ ಮಾಡಿದ್ದೇನೆ. ಬರೆದಿಡಬೇಕೆಂದು ನನಗೆ ಯಾರೂ ಹೇಳಲಿಲ್ಲ.

ಒಂದು ದಿನ ಅವಳ ಹತ್ತಿರ ಒಂದು ವಿಡಿಯೋ ಬಂತು. ಓಣಿಯ ತುಂಬ ಕೆಂಪು ನೀರು, ತೇಲುವ ಸ್ಕೂಟರು, ಕೂಗಾಟ. ಇದು ಹುಬ್ಬಳ್ಳಿಯದು ಎಂದು ಊರೆಲ್ಲ ಹಬ್ಬಿತ್ತು. ಹೌದೋ ಅಲ್ಲವೋ ಎಂದು ಅವಳು ಕಾಲು ಗಂಟೆಯೊಳಗೆ ಹೇಳಬೇಕಾಗಿತ್ತು. ನಾನು ಹಿಂದೆ ನಿಂತು ನೋಡಿದೆ.

“ನಮ್ಮೂರಲ್ಲ ಬಿಡು.”

“ಹೆಂಗ ಹೇಳತಿ?”

“ಹತ್ತ ಹನ್ನೆರಡು ಮನಿ ಕಾಣತಾವು. ಒಂದರ ಮುಂದರೆ ನೀರಿನ ಡ್ರಮ್ ಐತೇನ? ವಾರಕ್ಕೊಮ್ಮೆ ನಳ ಬರೂ ಊರಾಗ ಡ್ರಮ್ ಇಲ್ಲದ ಸಂಸಾರ ಹೆಂಗ ನಡೀತೈತಿ?”

ಅವಳು ವಿಡಿಯೋ ನಿಲ್ಲಿಸಿ ಹಿಗ್ಗಿಸಿ ನೋಡಿದಳು. ಒಂದು ಅಂಗಡಿಯ ಬೋರ್ಡು ಸಿಕ್ಕಿತು, ಬೇರೆ ರಾಜ್ಯದ ಲಿಪಿ. ಅವಳ ಸಾಹೇಬರು ಫೋನಿನಲ್ಲೇ ‘ಭಾಳ ಛಲೋ’ ಎಂದರಂತೆ. ಆ ಹೊಗಳಿಕೆಯಲ್ಲಿ ಅರ್ಧ ನನ್ನದು ಎಂದು ನಾನು ಇಟ್ಟುಕೊಂಡೆ.

ಸುದ್ದಿ ಕೊಡುವವರಿಗೆಲ್ಲ ಅವರಲ್ಲಿ ದರ್ಜೆ ಇದೆ. ಒಂದನೆಯ ದರ್ಜೆ ಎಂದರೆ ಕಣ್ಣು ಮುಚ್ಚಿ ನಂಬಬಹುದು, ಐದು ಎಂದರೆ ನಂಬಲೇಬಾರದು. ನನ್ನದು ಎಷ್ಟು ಎಂದು ಕೇಳಿದೆ. “ನಿನಗಿನ್ನೂ ಕೊಟ್ಟಿಲ್ಲ” ಎಂದಳು. ಇದು ನನಗೆ ಸರಿ ಕಾಣಲಿಲ್ಲ.

ಬೇಸಿಗೆಯಲ್ಲಿ ಧಾರವಾಡದ ಹತ್ತಿರದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಒಂದು ಅಣಕು ಕಾರ್ಯಾಚರಣೆ ಎಂದಾಯಿತು. ಒಂದು ಕಾರ್ಖಾನೆಯಲ್ಲಿ ಗ್ಯಾಸು ಸೋರಿದೆ ಎಂದುಕೊಳ್ಳುವುದು, ಸೈರನ್ ಹಾಕುವುದು, ಸುತ್ತಲಿನ ಜನರನ್ನು ಸಾಲಾಗಿ ಮೈದಾನಕ್ಕೆ ಕರೆದೊಯ್ಯುವುದು. ಬೆಳಿಗ್ಗೆ ಮೈಕಿನಲ್ಲಿ ಸಾರಿದ ಮೇಲೆ ಸುದ್ದಿ ಎಷ್ಟು ಹೊತ್ತಿನಲ್ಲಿ ಎಲ್ಲೆಲ್ಲಿಗೆ ಮುಟ್ಟುತ್ತದೆ ಎಂದು ಅಳೆಯುವ ಕೆಲಸ ಮೊಮ್ಮಗಳದು. ಅವಳೊಬ್ಬಳಿಗೇ ಒಪ್ಪಿಸಿದ ಮೊದಲ ಕೆಲಸ. ಅವಳಿನ್ನೂ ಕಾಯಂ ಆಗಿರಲಿಲ್ಲ. ಇದು ಸರಿಯಾದರೆ ಕಾಯಂ, ಇಲ್ಲದಿದ್ದರೆ ಮನೆಗೆ. ಅದನ್ನು ಅವಳು ನನಗೆ ಎರಡು ಸಲ ಹೇಳಿದ್ದಳು. ಮೂರನೆಯ ಸಲ, ಕಾರ್ಯಾಚರಣೆಯ ಹಿಂದಿನ ದಿನ, ಹೇಳಿದ್ದು, “ಆಯಿ, ನಾಳೆ ಮುಂಜಾನಿ ತನಕಾ ಇದು ಯಾರಿಗೂ ಗೊತ್ತಾಗಬಾರದು” ಎಂದು.

ಈಗ ನನ್ನ ಕಷ್ಟವನ್ನೂ ಹೇಳಬೇಕು. ನಮ್ಮ ವಚನ ಹಾಡುವ ಬಳಗಕ್ಕೆ ಫೋನಿನಲ್ಲಿ ಒಂದು ಗುಂಪಿದೆ. ಎಲ್ಲರೂ ಅದರಲ್ಲಿ ಹೂವಿನ ಚಿತ್ರ ಕಳಿಸುತ್ತಾರೆ. ನಾನೊಬ್ಬಳೇ ಒಂದೊಂದು ಅಕ್ಷರ ಹುಡುಕಿ ಒತ್ತಿ ಬರೆಯುವವಳು. ‘ಊಟ ಆಯಿತೇ’ ಎಂದು ಬರೆದರೆ ಒಂದು ಜೋಡಿ ಮುಗಿದ ಕೈ ಬರುತ್ತದೆ. ಊಟ ಆಯಿತೋ ಇಲ್ಲವೋ ತಿಳಿಯುವುದಿಲ್ಲ. ಒಂದು ಸಲವಾದರೂ ನಾನು ಬರೆದದ್ದನ್ನು ಜನ ಓದಬೇಕು ಎಂದು ನನಗಿತ್ತು.

ಆ ಮಧ್ಯಾಹ್ನ ಅವಳು ಊಟಕ್ಕೆ ಎದ್ದಾಗ ಇಪ್ಪತ್ತು ನಿಮಿಷ ಕೂತು ಬರೆದೆ. ಅಣಕು ಎಂಬ ಮಾತು ಬರೆಯಲಿಲ್ಲ. ಮರೆತದ್ದಲ್ಲ, ಬೇಕೆಂದೇ ಬಿಟ್ಟೆ.

ನಾಲ್ಕು ಗಂಟೆಯ ಸುಮಾರಿಗೆ ನಾನು ಜೋಳ ಹಸನು ಮಾಡುತ್ತಿದ್ದೆ. ಅವಳು ಸಾಹೇಬರ ಜೊತೆ ಫೋನಿನಲ್ಲಿ ಮಾತಾಡುತ್ತ ಇದ್ದಕ್ಕಿದ್ದಂತೆ, “ಸರ್, ಧಾರವಾಡದ ಪೇಜಿನಾಗ ಒಂದು ಬಂದೈತಿ. ಭಾಳ ಮಂದಿ ಹಂಚಾಕತ್ತಾರ. ಓದತೇನಿ ಕೇಳ್ರಿ” ಎಂದಳು. ಓದಿದಳು.

“ನಾಳೆ ಹನ್ನೊಂದಕ್ಕೆ ಬೇಲೂರಿನ ಕಾರ್ಖಾನೆಯಲ್ಲಿ ಗ್ಯಾಸು ಸೋರುತ್ತದೆ. ಗಾಳಿ ಪಡುವಣದಿಂದ ಇದೆ. ಕಿಟಕಿ ಬಾಗಿಲು ಹಾಕಿರಿ. ಮೂಗಿಗೆ ಹಸಿ ಬಟ್ಟೆ ಕಟ್ಟಿರಿ. ಮಾಳಿಗೆಯ ಮೇಲೆ ಹಾಕಿದ ಹಪ್ಪಳ, ಸಂಡಿಗೆ ಇಳಿಸಿರಿ. ಶರಣು ಶರಣಾರ್ಥಿ.”

ಸಾಹೇಬರ ದನಿ ನನಗೂ ಕೇಳಿಸಿತು. “ಹಪ್ಪಳ ಯಾಕ?”

ಅವಳು ಫೋನಿನ ದನಿ ಬಂದ್ ಮಾಡಿ ನಿಧಾನವಾಗಿ ನನ್ನ ಕಡೆ ತಿರುಗಿದಳು. ನಾನು ಜೋಳದಲ್ಲಿ ಒಂದು ಹರಳು ಹುಡುಕಿದೆ. ಇರಲಿಲ್ಲ.

“ಆಯಿ, ನೀ ಬರದಿ?”

“ಬರದೆ.”

“ಮಾಕ್ ಡ್ರಿಲ್ ಅಂತ ಯಾಕ ಬರೀಲಿಲ್ಲ?”

“ಹಂಗ ಬರದ್ರ ಯಾರ ಓದತಾರ?”

ಗ್ಯಾಸು ಸೋರುವುದು ಒಂದು ದಿನ ಮೊದಲೇ ಹೇಗೆ ಗೊತ್ತಾಯಿತು ಎಂದು ಬಳಗದ ಒಬ್ಬಳೂ ಕೇಳಿರಲಿಲ್ಲ. ನಮ್ಮಲ್ಲಿ ನೀರು ಯಾವ ದಿನ ಬರುತ್ತದೆ ಎಂದು ಮೊದಲೇ ತಿಳಿಯುತ್ತದೆ. ಕರೆಂಟು ಎಷ್ಟು ಗಂಟೆಗೆ ಹೋಗುತ್ತದೆ ಎಂದು ಪೇಪರಿನಲ್ಲಿ ಬರುತ್ತದೆ. ಗ್ಯಾಸಿನದೂ ಬಂದಿದೆ ಎಂದುಕೊಂಡರು.

ಕಾರ್ಖಾನೆಯ ಪಕ್ಕದ ಓಣಿಯಲ್ಲಿ ಜನ ಗಂಟು ಕಟ್ಟುತ್ತಿದ್ದಾರೆ ಎಂದು ಸ್ವಲ್ಪ ಹೊತ್ತಿನಲ್ಲೇ ಸುದ್ದಿ ಬಂತು. ಓಣಿ ಖಾಲಿಯಾದರೆ ಕಾರ್ಯಾಚರಣೆ ಯಾರ ಮೇಲೆ ಮಾಡುವುದು? ಅಲ್ಲದೆ ಹೆದರಿದ ಜನ ಹೆದ್ದಾರಿಗೆ ಬಿದ್ದರೆ ಏನಾಗುತ್ತದೆ ಎಂದು ಅವಳು ಹೇಳಿದಾಗ ನಾನು ಜೋಳದ ಮೊರ ಕೆಳಗಿಟ್ಟೆ. ಸಂಜೆಯ ವರದಿಯಲ್ಲಿ ಈ ಸುದ್ದಿ ಎಲ್ಲಿಂದ ಎದ್ದಿತು ಎಂದು ಬೇರೆ ಬರೆಯಬೇಕಿತ್ತು.

“ಎಲ್ಲಿಂದ ಅಂತ ಸಿಗಲಿಲ್ಲ ಅಂತ ಬರದುಬಿಡು” ಎಂದೆ.

“ಎಲ್ಲಿಂದ ಅಂತ ಹುಡುಕೂದ ನನ್ನ ಕೆಲಸ, ಆಯಿ. ಸಿಕ್ಕಿದ್ದನ್ನ ಸಿಗಲಿಲ್ಲ ಅಂತ ಬರದ್ರ ನಾ ಯಾಕ ಬೇಕು ಅವರಿಗೆ?”

“ಖರೇ ಬರದ್ರೂ ಬ್ಯಾಡಾಗತಿಯಲ್ಲ.”

“ಹೌದು” ಎಂದಳು. ಸಿಟ್ಟು ಮಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಸುಮ್ಮನೆ ಲ್ಯಾಪ್‌ಟಾಪಿನ ಮೇಲೆ ಕೈಯಿಟ್ಟು ಕೂತಳು. ಚಿಕ್ಕವಳಿದ್ದಾಗ ಸ್ಲೇಟು ಒಡೆದಾಗಲೂ ಹೀಗೇ ಕೂತಿದ್ದಳು.

ಅವಳ ಆಫೀಸಿನವರು ‘ಇದು ಸುಳ್ಳು ಸುದ್ದಿ’ ಎಂದು ಕೆಂಪು ಮುದ್ರೆ ಹೊಡೆದ ಚಿತ್ರ ಬಿಟ್ಟರು. ಮೊದಮೊದಲು ಎಲ್ಲರೂ ಹಾಗೇ ಹೇಳುತ್ತಾರೆ ಎಂದು ಜನ ಇನ್ನಷ್ಟು ಗಂಟು ಕಟ್ಟಿದರು. ನಾನು ಗುಂಪಿನಲ್ಲಿ ‘ನಾನು ಬರೆದದ್ದು ತಪ್ಪು’ ಎಂದು ಬರೆದೆ. ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಅದೇ ಓಣಿಯಲ್ಲಿರುವವಳು, ಕೂಡಲೇ ಉತ್ತರ ಬರೆದಳು: ‘ನಮ್ಮ ಅಕ್ಕನ ಫೋನು ಯಾರೋ ಕದ್ದಾರ. ಯಾರೂ ನಂಬಬ್ಯಾಡ್ರಿ.’ ಫೋನು ಕಳ್ಳರ ವಿಷಯ ಅವಳಿಗೆ ಹೇಳಿಕೊಟ್ಟವಳು ನಾನೇ.

ಆಗ ನಾನು ಎದ್ದು ದೇವರ ಕೋಣೆಯಿಂದ ಕುಂಕುಮದ ಭರಣಿ ತಂದೆ.

ನಮ್ಮಲ್ಲಿ ಮನೆಯ ಕಾರ್ಯಕ್ರಮಕ್ಕೆ ಫೋನಿನಲ್ಲಿ ಕರೆದರೆ ಅದು ಕರೆದ ಹಾಗಲ್ಲ. ಅಚ್ಚು ಹಾಕಿಸಿದ ಪತ್ರ ಕಳಿಸಿದರೂ ಅಲ್ಲ. ಇಬ್ಬರು ಹೆಂಗಸರು ಭರಣಿ ಹಿಡಿದು ಮನೆಗೆ ಹೋಗಿ, ಹೊಸ್ತಿಲ ಹತ್ತಿರ ನಿಂತು, ಅರಿಷಿಣ ಕುಂಕುಮ ಹಚ್ಚಿ ‘ಬರ್ರಿ’ ಎನ್ನಬೇಕು. ಹಾಗೆ ಕರೆದ ಮೇಲೆ ಸುಳ್ಳೆಂದವರನ್ನು ನಾನು ಕಂಡಿಲ್ಲ.

“ನಡಿ” ಎಂದೆ ಮೊಮ್ಮಗಳಿಗೆ. “ಜೋಡಿಗೆ ಒಬ್ಬಾಕಿ ಬೇಕು.”

ಧಾರವಾಡಕ್ಕೆ ಒಂದು ಬಸ್ಸು, ಅಲ್ಲಿಂದ ಬೇಲೂರಿಗೆ ಇನ್ನೊಂದು. ಮೊಮ್ಮಗಳು ದಾರಿಯುದ್ದಕ್ಕೂ ಲ್ಯಾಪ್‌ಟಾಪಿನಲ್ಲಿ ವರದಿ ಬರೆದಳು. ನಾನು ಕಿಟಕಿಯ ಹೊರಗೆ ನೋಡುವ ಹಾಗೆ ಮಾಡಿ ಓದಿದೆ. ‘ಸುದ್ದಿಯ ಮೂಲ: ವರದಿ ಬರೆಯುತ್ತಿರುವವಳ ಸ್ವಂತ ಅಜ್ಜಿ. ದರ್ಜೆ: ಐದು.’

ಕೊನೆಗೂ ಕೊಟ್ಟಳು.

ನೆಗೆಣ್ಣಿಯ ಪಡಸಾಲೆಯಲ್ಲಿ ಮೂರು ಗಂಟು, ಒಂದು ಮಿಕ್ಸರು, ಹಪ್ಪಳದ ಡಬ್ಬಿ ತಯಾರಾಗಿ ನಿಂತಿದ್ದವು. ನನ್ನನ್ನು ಕಂಡು, “ಅಕ್ಕಾ, ನೀವೂ ಓಡಿ ಬಂದ್ರಿ? ಓಡೂದಾದ್ರ ಆ ಕಡೆ ಓಡಬೇಕ್ರಿ, ಈ ಕಡೆ ಅಲ್ಲ!” ಎಂದು ಕೂಗಿದಳು. ಅಷ್ಟರಲ್ಲಿ ನನ್ನ ಕೈಯ ಭರಣಿ ಕಣ್ಣಿಗೆ ಬಿತ್ತು. ಮಾತು ನಿಲ್ಲಿಸಿ ಸೆರಗು ಸರಿಮಾಡಿಕೊಂಡು ಹೊಸ್ತಿಲ ಹತ್ತಿರ ಬಂದು ನಿಂತಳು. ನಾನು ಕುಂಕುಮ ಹಚ್ಚಿದೆ.

“ಏನ ಕಾರ್ಯಕ್ರಮ ಅಕ್ಕಾ?”

“ನಾಳೆ ಹನ್ನೊಂದಕ್ಕ ಗ್ಯಾಸ್ ಸೋರೂ ಕಾರ್ಯಕ್ರಮ. ಖರೇ ಗ್ಯಾಸಲ್ಲ, ಬರೇ ಸೈರನ್ನು. ಮಂದಿಗೆ ರೂಢಿ ಆಗಲಿ ಅಂತ ಮಾಡೂದು. ನಾ ಬೇಕಂತ ಅರ್ಧ ಬರದೆ, ತಪ್ಪಾತು. ಎಲ್ಲಾರೂ ತಪ್ಪದ ಬರಬೇಕು.”

ಅವಳು ನನ್ನನ್ನೇ ನೋಡಿದಳು. “ಅದನ್ನ ನೀವ ಬರದ್ರ್ಯಾ?”

“ನಾನ.”

“ಅಯ್ಯ ಶಿವನ! ನಾ ಮೊಮ್ಮಗಳು ನಿಮ್ಮ ಫೋನಿನಾಗ ಬರದಾಳ ಅನಕೊಂಡಿದ್ದೆ. ಆಕಿ ಕೆಲಸಾನ ಅದಲ್ಲ. ಅದಕ್ಕ ನಂಬಿದೆ ನೋಡ್ರಿ. ನೀವು ಬರದದ್ದು ಅಂತ ಗೊತ್ತಿದ್ರ ಹಪ್ಪಳ ಇಳಸತಿರಲಿಲ್ಲ.”

ಮೊಮ್ಮಗಳು ನನ್ನ ಪಕ್ಕದಲ್ಲೇ ನಿಂತಿದ್ದಳು. ಅವಳ ಹೆಸರಿನ ಮೇಲೆ ಒಂದು ಓಣಿಯೇ ಗಂಟು ಕಟ್ಟಿತ್ತು. ಇದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಓಣಿಯಲ್ಲಿ ಮೂವತ್ತೆಂಟು ಮನೆ. ಪ್ರತಿ ಹೊಸ್ತಿಲಲ್ಲೂ ಕುಂಕುಮ ಹಚ್ಚಿದೆ. ಪ್ರತಿ ಹೊಸ್ತಿಲಲ್ಲೂ ‘ಅದನ್ನು ಬರೆದವಳು ನಾನು, ಮೊಮ್ಮಗಳಲ್ಲ, ನನಗೆ ಬುದ್ಧಿಯಿರಲಿಲ್ಲ’ ಎಂದೆ. ಹದಿನೈದನೆಯ ಮನೆಯ ಹೊತ್ತಿಗೆ ಮಾತು ಬಾಯಿಪಾಠವಾಗಿತ್ತು, ಮೊಣಕಾಲು ಕೈಕೊಟ್ಟಿತ್ತು. ನೆಗೆಣ್ಣಿ ಪ್ರತಿ ಮನೆಗೂ ಜೊತೆಗೆ ಬಂದು, ನಾನು ಮುಗಿಸಿದ ಮೇಲೆ, “ವಯಸ್ಸಾತ್ರಿ, ಏನ ಮಾಡೂದು” ಎಂದು ತನ್ನದೂ ಒಂದು ಮಾತು ಸೇರಿಸಿದಳು. ಮೊಮ್ಮಗಳು ಮನೆ ಮನೆಗೆ ಗುರುತು ಹಾಕಿಕೊಂಡಳು. ಹತ್ತಿರದ ಎರಡು ಓಣಿಗೆ ಅಲ್ಲಿಯ ಹೆಂಗಸರೇ ತಮ್ಮ ಭರಣಿ ತೆಗೆದುಕೊಂಡು ಹೋದರು.

ಮರುದಿನ ಹನ್ನೊಂದಕ್ಕೆ ಸೈರನ್ ಆಯಿತು. ಅಧಿಕಾರಿಗಳು ಖಾಲಿ ಓಣಿ ನೋಡುವ ಅಂದಾಜಿನಲ್ಲಿದ್ದರು. ಹೆಂಗಸರೆಲ್ಲ ಇಳಕಲ್ಲ ಸೀರೆ ಉಟ್ಟು, ಹೂ ಮುಡಿದು, ಮೂಗಿಗೆ ಹಸಿ ಬಟ್ಟೆ ಕಟ್ಟಿಕೊಂಡು ಸಾಲಾಗಿ ಹೊರಟರು. ಮಾಳಿಗೆಗಳ ಮೇಲೆ ಒಂದು ಹಪ್ಪಳವೂ ಇರಲಿಲ್ಲ. ಎಚ್ಚರ ತಪ್ಪಿದವಳ ಪಾತ್ರ ತನಗೇ ಬೇಕೆಂದು ಹಟ ಹಿಡಿದು ನೆಗೆಣ್ಣಿ ಸ್ಟ್ರೆಚರಿನ ಮೇಲೆ ಮಲಗಿದಳು.

“ಅಕ್ಕಾ, ಫೋಟೋ ತಗೀರಿ” ಎಂದಳು ನನ್ನ ಎದುರು ಹಾಯುವಾಗ.

“ಕಣ್ಣು ಮುಚ್ಚರೀ ಅಮ್ಮಾರ, ನಿಮಗ ಎಚ್ಚರಿಲ್ಲ” ಎಂದ ಅಗ್ನಿಶಾಮಕದವನು.

“ಗೊತ್ತೈತಿ ನಡಿಯಪಾ.”

ಎಲ್ಲ ಮುಗಿದ ಮೇಲೆ ಸಾಹೇಬರು ನನ್ನ ಹತ್ತಿರ ಬಂದರು. ಕೈಯಲ್ಲಿ ಮೊಮ್ಮಗಳ ವರದಿ ಇತ್ತು. ಅವಳು ದೂರದಲ್ಲಿ ನಿಂತು ಜನರನ್ನು ಎಣಿಸುತ್ತಿದ್ದಳು. ಎಣಿಸಿದ್ದನ್ನೇ ಎಣಿಸುತ್ತಿದ್ದಳು.

“ಅಮ್ಮಾರ, ನಿಮ್ಮ ಮೊಮ್ಮಗಳು ನಿಮ್ಮ ಹೆಸರು ಮುಚ್ಚಿಡಬಹುದಿತ್ತು. ಮುಚ್ಚಿಡಲಿಲ್ಲ.”

“ನಾ ಮುಚ್ಚಿಡು ಅಂದೆ ಸಾಹೇಬರ. ಕೇಳಲಿಲ್ಲ ಆಕಿ.”

ಅವರು ವರದಿಯ ಹಾಳೆ ತಿರುವಿ, “ಹಪ್ಪಳ ಯಾಕ್ರಿ?” ಎಂದು ಕೇಳಿದರು. ರಾತ್ರಿಯೆಲ್ಲ ಅದೇ ಕಾಡಿರಬೇಕು.

“ಗ್ಯಾಸ್ ಹತ್ತಿದ ಹಪ್ಪಳ ನೀವು ತಿಂತೀರೇನ್ರಿ?”

ಅವರು “ಇಲ್ಲರಿ” ಎಂದು ಪೆನ್ನು ತೆಗೆದು ಬರೆದುಕೊಂಡರು. ಈಗಿನ ಸೂಚನೆಯ ಹಾಳೆಯಲ್ಲಿ ‘ತೆರೆದಿಟ್ಟ ಆಹಾರ ಪದಾರ್ಥಗಳನ್ನು ಒಳಗಿಡಿ’ ಎಂದು ಒಂದು ಸಾಲು ಇದೆ. ಅದು ನನ್ನದು.

ಮೊಮ್ಮಗಳನ್ನು ಮನೆಗೆ ಕಳಿಸಲಿಲ್ಲ, ಕಾಯಂ ಕೂಡ ಮಾಡಲಿಲ್ಲ. ಇನ್ನೂ ಮೂರು ತಿಂಗಳು ನೋಡುತ್ತೇವೆ ಎಂದರು. ಒಂದು ಕರಾರು ಹಾಕಿದರು: ಇನ್ನು ಮೇಲೆ ಎಲ್ಲ ದಿನವೂ ಆಫೀಸಿನಲ್ಲೇ ಕೂತು ಕೆಲಸ ಮಾಡಬೇಕು, ಮನೆಯ ಪಡಸಾಲೆಯಲ್ಲಿ ಕೂಡದು. ಕಾರಣ ಬರೆದಿರಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ. ಈಗ ಮಧ್ಯಾಹ್ನ ಪಡಸಾಲೆಯಲ್ಲಿ ನಾನು, ನಮ್ಮ ಮನೆಯವರು, ಪೇಪರು ಅಷ್ಟೇ.

ವರದಿಯ ಕೊನೆಯ ಹಾಳೆಯನ್ನು ಅವಳು ಆಮೇಲೆ ನನಗೆ ಓದಿ ತೋರಿಸಿದಳು. ನನ್ನ ಹೆಸರು ಎರಡು ಸಲ ಇತ್ತು. ಫೋನಿನಲ್ಲಿ ಬರೆದಾಗ ದರ್ಜೆ ಐದು. ಕುಂಕುಮ ಹಿಡಿದು ಖುದ್ದಾಗಿ ಹೇಳಿದಾಗ ದರ್ಜೆ ಎರಡು.

“ಒಂದು ಯಾಕಲ್ಲ?”

“ನಿನ್ನ ನಾ ಬಲ್ಲೆ ಆಯಿ.”

ಮೊನ್ನೆ ಅವಳು ಆಫೀಸಿನಿಂದ ಒಂದು ಫೋಟೋ ಕಳಿಸಿದಳು. ಒಂದು ಓಣಿ, ಮುರಿದುಬಿದ್ದ ಮರ, ಅದರ ಕೆಳಗೆ ಆಟೋ. ‘ಆಯಿ, ಇದು ನಮ್ಮೂರಾ? ಲಗೂ ಹೇಳು’ ಎಂದು ಬರೆದಿದ್ದಳು. ಡ್ರಮ್ಮುಗಳಿದ್ದವು, ಆದರೆ ಆ ಮನೆಗಳ ಕಟ್ಟೆಯ ಕಲ್ಲು ನಮ್ಮ ಕಡೆಯದಲ್ಲ. ನೋಡಿದ ಕೂಡಲೇ ಗೊತ್ತಾಯಿತು. ‘ನಮ್ಮೂರಲ್ಲ’ ಎಂದು ಮೊದಲು ಬರೆದು ಕಳಿಸಿದೆ. ಅವಳ ಕೆಲಸದಲ್ಲಿ ತಡ ಮಾಡಬಾರದು ಎಂದು ಈಗ ನನಗೂ ಗೊತ್ತಿದೆ.

‘ಹೆಂಗ ಹೇಳತಿ?’ ಎಂದು ಕೂಡಲೇ ಬಂತು.

ಒಂದೊಂದೇ ಅಕ್ಷರ ಹುಡುಕಿ ಒತ್ತಿದೆ. ‘ಅದನ್ನ ನೀ ಸಂಜಿಗೆ ಮನಿಗೆ ಬಂದ ಮ್ಯಾಲ ಹೇಳತೇನಿ. ಫೋನಿನಾಗ ನನ್ನ ದರ್ಜೆ ಕಡಿಮಿ.’